ಪಟ್ಟಿಯಲ್ಲಿಲ್ಲದ್ದು

ರೈಫಲ್ಲು ಒಂದು, ಕಾಡತೂಸು ಅರವತ್ತು,
ನೀರಿನ ಬುರುಡೆ, ಅಂಚು ಸುಟ್ಟ ಕಂಬಳಿ
ಒಪ್ಪಿಸಿದೆ. ಒಂದೊಂದಕ್ಕೂ ಗೀಟೆಳೆದ ಗುಮಾಸ್ತ
ನನ್ನ ಕಾಲಿನತ್ತ ನೋಡಿ
'ಪ್ಲಾಸ್ಟಿಕ್ ಚಪ್ಪಲಿ ಪಟ್ಟಿಯಲ್ಲಿಲ್ಲ, ಹಾಕಿಕೊಂಡೇ ಹೋಗು' ಅಂದ.
ಏಳು ವರ್ಷಕ್ಕೆ ಇಷ್ಟು ನಾಕ್ಫಾ, ಒಂದು ಸಹಿ,
ಮೆಂದೆಫೆರಾಕ್ಕೆ ಬಸ್ಸಿನ ಚೀಟಿ.
ಅಲ್ಲಿಗೆ ನಾನು ಸಿಪಾಯಿಯಲ್ಲ.
ಬಲಹೆಗಲ ಮೇಲೆ ಏನೂ ಇಲ್ಲದಿದ್ದರೂ
ಎಡಕ್ಕೆ ವಾಲಿಯೇ ನಡೆದೆ ಬಸ್ಸಿನ ತನಕ.

ಅವ್ವನಿಗೆ ಕಾಗದ ಬಂದದ್ದು ಮರು ತಿಂಗಳು.
ಹೆಸರು ಓದಿದ ದಿನವೇ ಅತ್ತು ಮುಗಿಸಿದ್ದಳು ಅವಳು,
ಊರಿಗೆ ಊರೇ ಅತ್ತ ದಿನ.
ಯಾರ ಮನೆಗೆ ಯಾರು ಹೋಗಿ ಸಮಾಧಾನ ಹೇಳಬೇಕೆಂದು ತಿಳಿಯದೆ
ಹೆಂಗಸರು ಹಾದಿಯ ನಡುವೆ ಎದುರಾದಲ್ಲೇ
ಕೂತುಬಿಟ್ಟಿದ್ದರಂತೆ.

ಈಗ ಹಣದ ಸರದಿ. ಜೊತೆಗೆ ನಾನೂ ಹೋದೆ.
ಬಿಳಿ ನೆತ್ಸೆಲಾ ಹೊದ್ದವರ ಸಾಲು,
ಗೋಡೆಯ ನೆರಳು ಸರಿದಂತೆ ಸಾಲೂ ಸರಿಯುತ್ತಿತ್ತು.
ಹಿಂದಿದ್ದವಳು ಕೇಳಿದಳು: 'ನಿಮಗೆಷ್ಟು?'
ಅವ್ವ ಅಂದಳು: 'ಒಬ್ಬ.'
'ನನಗೆ ಮೂವರು' ಎಂದು ಅವಳು
ಸೆರಗು ಸರಿಮಾಡಿಕೊಂಡಳು.

ಓದು ಬಾರದವಳೆಂದು ಕಿಟಕಿಯೊಳಗಿನವನು
ಪ್ರಮಾಣಪತ್ರವನ್ನು ಗಟ್ಟಿಯಾಗಿ ಓದಿದ:
ಫ್ರೆಜ್ಘಿ ಹಬ್ತೆಮರಿಯಮ್. ಗಿನ್ಬೊತ್ ತಿಂಗಳ ಹದಿನೇಳು.
ವರ್ಷವನ್ನೂ ಹೇಳಿದ.
ಅವ್ವನ ಹೆಬ್ಬೆರಳು ಶಾಯಿಯ ಮೇಲೆ ನಿಂತಿತು.
ಇನ್ನೊಂದು ಕೈಯ ಗೆಣ್ಣು ಎಣಿಸಿದಳು,
ಗಿನ್ಬೊತ್‌ನಿಂದ ಮೆಸ್ಕೆಲ್ ಹಬ್ಬಕ್ಕೆ,
ನಾನು ರಜೆಗೆ ಬಂದಿದ್ದ ಹಬ್ಬಕ್ಕೆ:
ನಾಲ್ಕು.

ಆವತ್ತು ಮೂರನೇ ಬಟ್ಟಲು ಕಾಫಿ ಕುಡಿಯುತ್ತ ಹೇಳಿದ್ದೆ,
'ಅಸಬ್ ಬಂದರಿನಲ್ಲಿದ್ದಾನೆ, ಮೂಟೆ ಹೊರಿಸುತ್ತಾರೆ,
ರಜೆ ಸಿಕ್ಕಿಲ್ಲ, ದಪ್ಪಗಾಗಿದ್ದಾನೆ.'
ದಪ್ಪಗಾಗಿದ್ದಾನೆ ಅಂತ ಯಾಕೆ ಸೇರಿಸಿದೆನೋ.
'ನಿನಗೆಂದು ಕಳಿಸಿದ' ಎಂದು
ನನ್ನದೇ ನೂರರ ನೋಟು ಕೊಟ್ಟಿದ್ದೆ.
ಹೇಳಕೂಡದೆಂದು ಮೇಲಿನವರ ಅಪ್ಪಣೆ.
ಅಪ್ಪಣೆ ಇರದಿದ್ದರೆ ಹೇಳುತ್ತಿದ್ದೆನೇ?
ಗೊತ್ತಿಲ್ಲ.

ಹೆಬ್ಬೆಟ್ಟು ಒತ್ತಿದಳು. ಹಣ ಎಣಿಸಲಿಲ್ಲ.
ದಾರಿಯುದ್ದಕ್ಕೂ ಮಾತಿಲ್ಲ. ಪಕ್ಕದ ಮನೆಯ ಅಸ್ಗೆದೊಮ್ ಮಾತ್ರ
ಬೇಲಿಯಾಚೆಯಿಂದ ಕೂಗಿದ: 'ಇಬ್ಬರದ್ದೂ ಸೇರಿಸಿದರೆ
ಜೋಡೆತ್ತು ಬರುತ್ತವೆ, ತಡಮಾಡಬೇಡಿ,
ಎಲ್ಲರ ಕೈಗೂ ಹಣ ಬಂದಿದೆ, ಸಂತೆಯಲ್ಲಿ ದರ ಏರುತ್ತಿದೆ.'
ಅವನು ಹೇಳಿದ್ದು ಸರಿಯೇ.
ಒಂಟೆತ್ತಿನ ಮೇಲೆ ನೊಗ ನಿಲ್ಲುವುದಿಲ್ಲ.

ಕೆಂಡ ಹರಡಿ ಜೆಬೆನಾ ಇಟ್ಟಳು.
ಪೆಟ್ಟಿಗೆಯ ತಳದಿಂದ ನಾಲ್ಕಾಗಿ ಮಡಿಸಿದ ನೂರರ ನೋಟು ತೆಗೆದು
ನನ್ನ ಮುಂದಿಟ್ಟಳು.
'ಇದು ನಿನ್ನದು.'
ಆಮೇಲೆ ನನ್ನ ಪಾದ ನೋಡುತ್ತ,
'ಎಡಗಾಲಿಂದು ಬಾರು ಕಿತ್ತಿದೆ. ತೆಗಿ, ಕೊಡಿಲ್ಲಿ.'

ಕೊಟ್ಟೆ. ಏನೆಂದು ಹೇಳಲಿ,
ನನ್ನವು ಕರಗಿಹೋಗಿದ್ದವು, ಬಂಡೆ ಸುಡುತ್ತಿತ್ತು,
ಹಿಂದಕ್ಕೆ ಓಡಬೇಕಿತ್ತು,
ಅವನಿಗೆ ಓಡುವುದಿರಲಿಲ್ಲ.
ಹಿಮ್ಮಡಿಯ ಹತ್ತಿರ ಹಳೆಯ ಬೆಸುಗೆಯೊಂದಿದೆ,
ಫ್ರೆಜ್ಘಿ ಹೊರಟ ಮುಂಜಾನೆ
ಚೂರಿ ಕಾಯಿಸಿ ಅವಳೇ ಹಾಕಿದ್ದು.
ಅವಳ ಬೆಸುಗೆ ಯಾವತ್ತೂ ಸೊಟ್ಟ.

ಶಾಯಿ ಹೋಗದ ಹೆಬ್ಬೆರಳನ್ನು
ಅದರ ಮೇಲೆ ಒಮ್ಮೆ ಆಡಿಸಿದಳು, ಮತ್ತೊಮ್ಮೆ.
ಏನೂ ಕೇಳಲಿಲ್ಲ.
ಜೆಬೆನಾ ಬದಿಗೆ ಸರಿಸಿ ಕೆಂಡದೊಳಕ್ಕೆ ಚೂರಿ ತೂರಿಸಿದಳು.
ಅದು ಕೆಂಪಗಾಗುವ ತನಕ
ನಾನೂ ಅವಳೂ ಕೂತೇ ಇದ್ದೆವು,
ನನ್ನದೊಂದು ಕಾಲು ನೆಲಕ್ಕೆ ತಾಗಿ.