ಹನ್ನೊಂದನೇ ತಂತಿ

ಎಸ್.ಪಿ. ರೋಡಿನ ಹಿಂದಿನ ಸಂದಿ, ಕಬ್ಬಿಣದ ಏಣಿ ಹತ್ತಿದರೆ
ತಲೆ ತಗ್ಗಿಸಿಯೇ ಕೂರಬೇಕಾದ ಅಟ್ಟ. ಅದೇ ನನ್ನ ಅಂಗಡಿ.
ಶನಿವಾರ ಸಂಜೆ ಲವೀನಾ ಮೇಡಂ ಬಂದರು.
ಬೆಡ್‌ಶೀಟಿನಲ್ಲಿ ಸುತ್ತಿದ ಹಳೇ ಲ್ಯಾಪ್‌ಟಾಪು,
ಅದರ ಪಕ್ಕೆಯಿಂದ ಅರ್ಧ ಇಣುಕುವ ಕಾರ್ಡು.
"ಕಿವಿ ಪರೀಕ್ಷೆಯದ್ದು ಮಾರಾಯ್ತಿ. ಪೀಣ್ಯದ ಕ್ಲಿನಿಕ್ಕು.
ಸದ್ದು ಕೇಳಿದರೆ ಗುಂಡಿ ಒತ್ತಿ ಅನ್ನುತ್ತೇನೆ.
ಒತ್ತುತ್ತಾರೆ, ಕಣ್ಣಾರೆ ನೋಡುತ್ತೇನೆ.
ಇದು ಮಾತ್ರ ಒತ್ತಲೇ ಇಲ್ಲ ಅನ್ನುತ್ತದೆ.
ಎಷ್ಟು ಜನರನ್ನು ಕಿವುಡರೆಂದು ಬರೆದು ಕಳಿಸಿದ್ದೇನೋ."

ಕಾರ್ಡು ಎಳೆದೆ. ಅರವತ್ತೆಂಟು ತೂತು,
ಒಂದರಲ್ಲಿ ಹತ್ತಿಯ ಎಳೆ. ತೆಗೆದೆ. ಅದಲ್ಲ.
ಸ್ಲಾಟಿನ ಸ್ಪ್ರಿಂಗು ಸರಿಮಾಡಿದೆ. ಅದೂ ಅಲ್ಲ.
ನಾನೇ ಹೆಡ್‌ಫೋನು ಹಾಕಿಕೊಂಡು ಕೂತೆ:
ಪೀಂ ಅಂದಾಗ ಒತ್ತಿದೆ, ಪೀಂ ಅಂದಾಗ ಒತ್ತಿದೆ,
ನಲವತ್ತಕ್ಕೆ ನಲವತ್ತೂ ಸರಿ.
ಆದರೆ ಹಳೇ ದಾಖಲೆಯಲ್ಲಿ ಅದೇ ಒಂದು ಸಾಲು, ದಿನವೂ:
ಹನ್ನೊಂದನೇ ತಂತಿ, ಕೇಳುವವರು ಯಾರೂ ಇಲ್ಲ.
ಲಕ್ಷ ಸಲ ಕೂಗಿದೆ. ಯಾರೂ ಓಗೊಡಲಿಲ್ಲ.
ಕೊನೆಗೆ ಅದರ ಬಾಯಿಗೇ ಬಟ್ಟೆ ತುರುಕಿದ್ದಾರೆ.

ಕಾಟನ್‌ಪೇಟೆಯ ನಮ್ಮ ವಠಾರದಲ್ಲಿ ಹನ್ನೆರಡು ಮನೆ, ಒಂದು ಫೋನು.
ಬಡಿದುಕೊಂಡರೆ ಮೊದಲನೇ ಮನೆ, ನಮಗಲ್ಲ.
ಎರಡನೆಯದು, ನಮಗೂ ಅಲ್ಲ.
ಒಂದು ಮಧ್ಯಾಹ್ನ ನಿಲ್ಲಲೇ ಇಲ್ಲ.
ಮಗು ಮಲಗಿದೆ ಅಂತ ಮುತ್ಯಾಲಮ್ಮ ವೈರು ಕಿತ್ತರು.
ಆಮೇಲೆ ಬರಬೇಕಿದ್ದ ಕರೆ ನಮ್ಮದಾಗಿತ್ತು.

ಸೋಮವಾರ ಪೀಣ್ಯಕ್ಕೆ ನಾನೇ ಹೋದೆ.
ಎರಡನೇ ಹಂತ, ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ದಬ್ ದಬ್,
ಟೀ ಲೋಟದಲ್ಲಿ ನಡುಗುವ ಉಂಗುರ.
ಕುರ್ಚಿಯಲ್ಲಿ ಮುನಿಚಿನ್ನಪ್ಪ. ಇಪ್ಪತ್ತಾರು ವರ್ಷದ ಪ್ರೆಸ್ಸು ಕೆಲಸ,
ಎಡಗೈಯಲ್ಲಿ ಮೂರೂವರೆ ಬೆರಳು.
ಮೇಡಂ ಇನ್ನೂ ಏನನ್ನೂ ನುಡಿಸಿರಲಿಲ್ಲ.
ಅವರು ಒತ್ತಿದರು.
ನನ್ನ ತೆರೆಯ ಮೇಲೆ ಹನ್ನೊಂದು ಹುಚ್ಚೆದ್ದು ಕೂಗಿ ಕೂಗಿ
ಸತ್ತಿತು.
ಆಮೇಲೆ ಅವರು ಒತ್ತಿದ್ದೆಲ್ಲ ಗಾಳಿಗೆ.

"ಯಾಕೆ ಒತ್ತಿದಿರಿ?"
"ಕೇಳ್‌ಸ್ತಲ್ಲವ್ವ."
"ಸದ್ದೇ ಇರಲಿಲ್ಲ."
"ಐತೆ. ಜೀರುಂಡೆ ತರ. ಮಲಗಿದ್ರೂ ಐತೆ, ಎದ್ರೂ ಐತೆ.
ಯಾವುದಕ್ಕೆ ಒತ್ತಬೇಕು ಅಂತ ನೀವು ಹೇಳ್ಲಿಲ್ಲ."

ಅಲ್ಲಿಯೇ ಬೆಂಚಿನ ಮೇಲೆ ಡ್ರೈವರು ಬಿಚ್ಚಿ ಓದಿದೆ.
ಯಾವನೋ ಬರೆದಿದ್ದಾನೆ, ಅಚ್ಚುಕಟ್ಟಾದ ಕೈ:
ಸದ್ದು ನುಡಿಯುತ್ತಿಲ್ಲವಾದರೆ, ಇದು ನನ್ನದಲ್ಲ, ಮುಂದೆ ಹೋಗು.
ಒಳ್ಳೇ ಕಿವಿಯವನಿರಬೇಕು.
ಮೌನದಲ್ಲಿ ಯಾರಾದರೂ ಗುಂಡಿ ಒತ್ತಿಯಾರು ಎಂದು
ಅವನಿಗೆ ಹೊಳೆದೇ ಇಲ್ಲ.
ಮುಂದೆ ಇನ್ಯಾರೂ ಇರಲಿಲ್ಲ. ಕಾರ್ಡು ಕೈ ಇಳಿಸಲಿಲ್ಲ.

ನಾಲ್ಕು ಸಾಲು ಬದಲಿಸಿದೆ.
ಮೊದಲು ಗುಂಡಿಯನ್ನು ಕೇಳು: ನೀನೇನಾ?
ಹೌದೆಂದರೆ ಗುರುತು ಹಾಕಿಕೋ, ಗಂಟೆ ಗಳಿಗೆ ಸಮೇತ.
ನನ್ನದು ಅನ್ನು.
ಸದ್ದಿತ್ತೋ ಇಲ್ಲವೋ, ಆಮೇಲೆ ನೋಡಿಕೊಳ್ಳೋಣ.

ಮತ್ತೆ ಪರೀಕ್ಷೆ. ಈ ಸಲ ತಂತಿ ಸಾಯಲಿಲ್ಲ.
ಮೇಲಿನ ಸ್ವರಗಳು ಅವರಿಗೆ ನಿಜಕ್ಕೂ ಇಲ್ಲ,
ಕೆಳಗಿನವು ಇನ್ನೂ ಉಳಿದಿವೆ.
ನಡುನಡುವೆ, ಏನೂ ನುಡಿಸದ ಕಡೆಯಲ್ಲಿ,
ಇಪ್ಪತ್ಮೂರು ಚುಕ್ಕೆ.
"ಇವನ್ನೆಲ್ಲಿ ಬರೆಯುವುದು?" ಅಂದರು ಮೇಡಂ.
ಫಾರಮ್ಮಿನಲ್ಲಿ ಅದಕ್ಕೆ ಮನೆಯಿರಲಿಲ್ಲ.
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತರು,
ಆಮೇಲೆ ಅಂಚಿನಲ್ಲಿ ಸಣ್ಣಗೆ ಬರೆಯತೊಡಗಿದರು.

ನನಗೆ ಆರುನೂರು ರೂಪಾಯಿ, ಇನ್ನೊಂದು ಟೀ.
ಏಳುವಾಗ ನೋಡಿದೆ: ಹೆಡ್‌ಫೋನು ತೆಗೆದಿದ್ದಾರೆ,
ಗುಂಡಿ ಮಾತ್ರ ಅವರ ಕೈಯಲ್ಲೇ ಇದೆ.
ಒತ್ತುತ್ತಿದ್ದಾರೆ, ನಿಧಾನಕ್ಕೆ.
ತೆರೆಯ ಮೇಲೆ ಒಂದೊಂದಾಗಿ ಬೀಳುತ್ತಿದೆ.