ಒತ್ತಕ್ಷರವಿಲ್ಲದ ನಾಲ್ಕು ಪದ

ನಮ್ಮ ಕೋಣೆಗೆ ಪ್ಲಗ್ ಪಾಯಿಂಟ್ ಇಲ್ಲ.
ಗೋಡೆಯಾಚೆ ಮರಾಠಿ ಐದನೆಯ ಇಯತ್ತೆಗೆ ಎರಡಿವೆ,
ಒಂದಕ್ಕೆ ಮೀನಿನ ತೊಟ್ಟಿ, ಒಂದು ಖಾಲಿ.
ಗೊಲತ್ಕರ್ ಬಾಯಿ ಬೇಡವೆನ್ನುವವರಲ್ಲ;
ದಿನಾ ಕೇಳಲು ನನಗೇ ಒಂಥರ.

ಹಾಗಾಗಿ ಬ್ಯಾಂಕಿನವರು ಕೊಟ್ಟ ಈ ಹಳೆಯ ಲ್ಯಾಪ್‌ಟಾಪು
ವಡಾಳಾದ ನನ್ನ ಖೋಲಿಯಲ್ಲಿ ರಾತ್ರಿಯಿಡೀ ಕುಡಿದದ್ದನ್ನೇ
ಬೆಳಗಿನ ಶಾಲೆಗೆ ಹೊತ್ತು ತರಬೇಕು.
ಎಷ್ಟು ಉಳಿದಿದೆಯೆಂದು ಹೇಳುತ್ತಿರಲಿಲ್ಲ ಅದು.
ಗುಬ್ಬಿಯ ಪಾಠದಲ್ಲಿ, ಗುಬ್ಬಿ ಇನ್ನೂ ಹಾರದಿರುವಾಗ
ತಟ್ಟನೆ ಕಪ್ಪಾಗುತ್ತಿತ್ತು.
ಹನ್ನೊಂದು ಮುಖ ಅದರೊಳಗೆ.

ಭಾನುವಾರ ಕೂತೆ.
ಲಿನಕ್ಸ್‌ನಲ್ಲಿ ಎಲ್ಲವೂ ಕಡತವಂತೆ.
ಬ್ಯಾಟರಿಗೂ ಒಂದು ಫೋಲ್ಡರು, ಒಳಗೆ ಪುಟ್ಟ ಪುಟ್ಟ ಚೀಟಿ,
ಒಂದೊಂದರಲ್ಲಿ ಒಂದೇ ಸಾಲು.
ಅರ್ಧ ನಿಮಿಷಕ್ಕೊಮ್ಮೆ ಹೋಗಿ ಓದಿಕೊಂಡು ಬಾ,
ಪರದೆಯ ಮೂಲೆಯಲ್ಲಿ ಬರೆ: ಇಷ್ಟೇ ನನ್ನ ಸ್ಕ್ರಿಪ್ಟು,
ಹದಿನೇಳು ಸಾಲು, ಅದರಲ್ಲಿ ಮೂರು
ಮರೆತೇನೆಂದು ನನಗೆ ನಾನೇ ಬರೆದುಕೊಂಡ ಟಿಪ್ಪಣಿ.

ಅಂಕಿ ಬಂತು: ೬೪. ಕನ್ನಡದಂಕಿ, ಹಟ ಮಾಡಿ ತಂದದ್ದು.
ಪದಕ್ಕೆ ಬಂದಾಗ ಕೆಟ್ಟಿತು.
'ಇಳಿಯುತ್ತಿದೆ' ಎಂದು ಬರೆದರೆ
ಗುಣಿತ ಹೇಗೋ ದಾಟಿತು, ಒತ್ತು ದಾಟಲಿಲ್ಲ.
ಕೆಳಗಿಳಿಯಬೇಕಾದ ತಕಾರ ಪಕ್ಕದಲ್ಲೇ ಉಳಿಯಿತು,
ಹಾರ್ಬರ್ ಲೈನಿನ ಬಾಗಿಲಲ್ಲಿ ಒಳಗೂ ಹೋಗದೆ
ಇಳಿಯಲೂ ಆಗದೆ
ಚೀಲ ಎದೆಗವಚಿ ನಿಂತವನಂತೆ.
ಫಾಂಟು ಬದಲಿಸಿದೆ. ಬೈದೆ. ಚಹಾ ಆರಿತು.
ಕೊನೆಗೆ ಒತ್ತೇ ಇಲ್ಲದ ಪದಗಳನ್ನು ಹುಡುಕಿದೆ,
ಅಕ್ಕಿಯಲ್ಲಿ ಕಲ್ಲು ಹೆಕ್ಕುವಂತೆ:
ಏರಿಕೆ. ಇಳಿಕೆ. ತುಂಬಿದೆ.
ಯಂತ್ರಕ್ಕೇ ಅನುಮಾನವಾದಾಗ ಅದು ಹೇಳುವ ಮಾತೊಂದಿದೆ,
'ಗೊತ್ತಿಲ್ಲ' ಅನ್ನೋಣವೆಂದರೆ ಅದರಲ್ಲಿ ಎರಡು ಒತ್ತು.
ತಿಳಿಯದು.

ಆ ಫೋಲ್ಡರಿನಲ್ಲೇ ಇನ್ನೆರಡು ಚೀಟಿ ಕಂಡವು, ಹುಡುಕದೆ:
ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ.
ಸೊನ್ನೆಗಳನ್ನು ಒರೆಸಿದರೆ
ನಲವತ್ತೇಳು. ಹದಿನೆಂಟು.
ಮೂಲೆಯಲ್ಲಿ ನೂರು ಎಂದು ಹೊಳೆಯುವುದು
ಈ ಹದಿನೆಂಟರ ನೂರು.

ನಾನೂ ತಿಂಗಳು ತಿಂಗಳು ವಾರ್ಡ್ ಆಫೀಸಿಗೆ ಹಾಗೇ ಬರೆಯುತ್ತೇನೆ:
ಹಾಜರಿ, ಶೇಕಡಾ ನೂರು.
ಸುಳ್ಳಲ್ಲ. ಹನ್ನೊಂದಕ್ಕೆ ಹನ್ನೊಂದು.
ಕಪಾಟಿನ ತಳದ ಹಾಜರಿ ಪುಸ್ತಕದಲ್ಲಿ,
ಗೆದ್ದಲು ತಿಂದು ಬಿಟ್ಟ ಪುಟಗಳಲ್ಲಿ,
ಒಂದೇ ತರಗತಿಗೆ ಅ, ಬ, ಕ ಮೂರು ವಿಭಾಗ.

ಎರಡನೆಯ ಅಂಕಿಯನ್ನೂ ಪರದೆಗೆ ಹಾಕಿದೆ, ಎರಡು ದಿನ.
ಆಮೇಲೆ ತೆಗೆದೆ. ಮಕ್ಕಳ ಮುಂದೆ ಅದೇಕೆ.

ಮೌನೇಶನಿಗೆ ಇಷ್ಟ ನಾಲ್ಕನೆಯ ಪದ.
ಕೇಳಲೇಬೇಕಾದ ದಿನ ಬಾಯಿಯ ಕೋಣೆಯಿಂದ ವೈರು ಎಳೆದು ಸಿಕ್ಕಿಸಿದರೆ
ಇಳಿಕೆ ಹೋಗಿ ಏರಿಕೆ ಬರುವ ಮುನ್ನ
ಅದೃಷ್ಟವಿದ್ದರೆ ಮೂಡುತ್ತದೆ, ಅರ್ಧ ನಿಮಿಷ ನಿಲ್ಲುತ್ತದೆ.
"ಟೀಚರ, ತಿಳಿಯದು ಬಂತ್ರೀ!" ಎಂದು ಕೂಗುತ್ತಾನೆ,
ಊರಿನಿಂದ ಯಾರೋ ಗಂಟು ಹೊತ್ತು ಬಂದಂತೆ.

ವಾರ್ಡ್ ಆಫೀಸಿನ ಹೊಸ ಅರ್ಜಿ ಮೇಜಿನ ಮೇಲಿದೆ:
ಬರುವ ವರ್ಷದ ದಾಖಲಾತಿ, ಅಂದಾಜು.
ಹೋದ ಸಲ ಬರೀ ಗೆರೆ ಎಳೆದು ಕಳಿಸಿದ್ದೆ,
ಅಂಕಿಯೇ ಬೇಕೆಂದು ಮರಳಿ ಬಂತು.
ಇಬ್ಬರು ಮುಗಿಸಿ ಹೋಗುತ್ತಾರೆ.
ಮೌನೇಶನ ತಂಗಿ ಸಾಬವ್ವ,
ಅವ್ವ ಗಾರೆ ಹೊರುವ ಕಟ್ಟಡದ ಮರಳಿನಲ್ಲಿ ಆಡಿಕೊಂಡಿದ್ದಾಳೆ,
ಜೂನಿಗೆ ಆರು ತುಂಬುತ್ತದೆ.
ಹತ್ತು ಎಂದು ಬರೆಯುತ್ತೇನೆ.

'ತುಂಬುತ್ತದೆ'. ಆ ಮೂಲೆಯಲ್ಲಿ ಬರೆದರೆ ಒಡೆಯುತ್ತದೆ,
ಒತ್ತು ಬಾಗಿಲಲ್ಲೇ ನಿಲ್ಲುತ್ತದೆ.
ನಿಲ್ಲಲಿ. ಮುಂದಿನ ಸ್ಟೇಷನ್ನಿಗೆ ಜಾಗ ಆದೀತು.