ಹತ್ತನೆಯ ನರ

"ಚೆನ್ನಾಗಿ ಗೊತ್ತಿರುವ ಒಂದು ಮನೆ ಆರಿಸಿಕೊಳ್ಳಿ," ಅಂದರು
ಅಂಗರಚನೆ ಕಲಿಸುವ ಸಿದ್ದಲಿಂಗಮ್ಮ ಟೀಚರ್.
"ಕಣ್ಣು ಮುಚ್ಚಿ, ತಲೆಬಾಗಿಲಿಂದ ಹಿತ್ತಿಲವರೆಗೆ ನಡೆಯಿರಿ.
ಕೋಣೆಗೊಂದರಂತೆ ನರಗಳನ್ನು ಇಡುತ್ತಾ ಹೋಗಿ.
ಪರೀಕ್ಷೆಯ ದಿನ ಮತ್ತೆ ನಡೆದರೆ
ಇಟ್ಟದ್ದು ಇಟ್ಟಲ್ಲೇ ಸಿಗುತ್ತದೆ."

ತಲೆಯಿಂದ ಹೊರಡುವ ನರಗಳು ಹನ್ನೆರಡು.
ನಮ್ಮ ಮನೆಗೆ ಕೋಣೆ ಒಂದು.
ಅದರಲ್ಲೂ ಅರ್ಧ, ಮಡಿಸಿಟ್ಟ ಹಾಸಿಗೆಗಳದು.

ಹಾಗಾಗಿ ಭಟ್ಟಿಗೆ ಹೋದೆ.
ದಾವಣಗೆರೆಯ ಅಂಚಲ್ಲಿ, ಮಸಿ ಹಿಡಿದ ಗಲ್ಲಿಯಲ್ಲಿ,
ಮಂಡಕ್ಕಿ ಹುರಿಯುವ ತಗಡಿನ ಸೂರು.
ನಾನು ಅಂಬೆಗಾಲಿಟ್ಟ ನೆಲ ಅದು,
ಕತ್ತಲಲ್ಲೂ ಎಡವುವುದಿಲ್ಲ.

ಮೊದಲನೆಯದು ವಾಸನೆಯ ನರ. ಒಲೆಯ ಬಾಯಲ್ಲಿಟ್ಟೆ,
ಹಳೇ ಟೈರು ಉರಿದು ಕರಿಹೊಗೆ ಏಳುವಲ್ಲಿ.
ಅಮ್ಮಿಗೆ ಈಗ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.
ಆ ನರಕ್ಕೊಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು
ಅವಳದು ಸತ್ತು ಎಷ್ಟೋ ವರ್ಷಗಳ ಮೇಲೆ.

ನೋಟದ್ದು ತಗಡಿನ ತೂತಿಗೆ,
ಬಿಸಿಲಕೋಲು ಇಳಿದು ಹೊಟ್ಟಿನ ದೂಳು ಕುಣಿಯುವ ಜಾಗಕ್ಕೆ.
ಮೂರು, ನಾಲ್ಕು, ಆರು, ಕಣ್ಣುಗುಡ್ಡೆ ಹೊರಳಿಸುವ ಕಿರಿಯವು,
ತಂತಿಯ ಮೇಲೆ ಗುಬ್ಬಿಗಳಾಗಿ ಕೂತವು.
ಹಾರದಂತೆ ಕಾಲಿಗೆ ದಾರ ಕಟ್ಟಿದೆ.
"ಚಿತ್ರ ಹುಚ್ಚುಹುಚ್ಚಾಗಿರಲಿ ಶಮೀಮ್, ಸಪ್ಪೆಯದು ನಿಲ್ಲೋದಿಲ್ಲ."
ಮೂರು ಕವಲಿನ ಟ್ರೈಜೆಮಿನಲ್ಲಿಗೆ ಮರಳು ಕೆದಕುವ ಮುಳ್ಳುಸಲಾಕೆ.
ಮುಖದ್ದು ಕನ್ನಡಿ ಚೂರಿಗೆ, ಕಿವಿಯದ್ದು ಜರಡಿಯ ಸದ್ದಿಗೆ,
ಒಂಬತ್ತನೆಯದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ.
ಹೆಗಲು ಎತ್ತಿಸುವ ಹನ್ನೊಂದನ್ನು ನಾನು ಇಡಲೇ ಬೇಕಾಗಲಿಲ್ಲ,
ಗೋಣಿಚೀಲದ ಜೊತೆ ದಸ್ತಗೀರ್ ಮಾಮು ತಾನೇ ಹೊತ್ತು ತಂದ.
ನಾಲಿಗೆ ಆಡಿಸುವ ಕೊನೆಯದು
ಗಲ್ಲಾದಲ್ಲಿ ಕೂತು ಬೈಯುವ ಸಾಹುಕಾರರಿಗೇ ಮೀಸಲು.

ಉಳಿದದ್ದು ಹತ್ತನೆಯದು. ವೇಗಸ್.
ಪುಸ್ತಕದ ಅಂಚಲ್ಲಿ ಅರ್ಥ ಕೊಟ್ಟಿದ್ದರು: ಅಲೆಮಾರಿ.
ತಲೆಯಲ್ಲಿ ಹುಟ್ಟಿ, ಕೊರಳಿಳಿದು, ಎದೆ ಹಾದು,
ಹೊಟ್ಟೆಯವರೆಗೂ ಸುತ್ತಾಡಿಕೊಂಡು ಬರುವಂಥದ್ದು.
ಭಟ್ಟಿಯಲ್ಲಿ ಅಲೆಮಾರಿ ಅಂದರೆ ಬಿಜಲಿ,
ನಮ್ಮ ಬಿಳಿ ಕಿವಿಯ ಹೋತ.
ಚೀಲಗಳ ಸಂದಿಯಲ್ಲಿ ನುಗ್ಗಿ ಮಂಡಕ್ಕಿ ಕದ್ದು
ಗಡ್ಡಕ್ಕೆಲ್ಲ ಅಂಟಿಸಿಕೊಂಡು ಬರುತ್ತಿದ್ದ.
ಅವನ ಕೊರಳಿಗೆ ಕಟ್ಟಿದೆ.
ಭಾರಿ ಜಾಣೆ ಅಂದುಕೊಂಡೆ ನನ್ನನ್ನೇ.

ಪರೀಕ್ಷೆ. ಫ್ಯಾನಿನ ಕಿರುಗುಡುವಿಕೆ. ನೀಲಿ ಶಾಯಿಯ ಬೆವರು.
ಕಣ್ಣು ಮುಚ್ಚಿ ಒಳಗೆ ನಡೆದೆ.
ಒಲೆ ಇತ್ತು. ತೂತು ಇತ್ತು. ಗುಬ್ಬಿಗಳೂ ಇದ್ದವು,
ಒಂದಂತೂ ದಾರ ಕುಕ್ಕುತ್ತಿತ್ತು.
ಚೀಲ ಹೊತ್ತ ಮಾಮು ಸುಮ್ಮನೆ ನನ್ನನ್ನೇ ನೋಡುತ್ತಿದ್ದ.
ಬಿಜಲಿ ಇರಲಿಲ್ಲ.

ಎಲ್ಲಿಂದ ಇರಬೇಕು?
ಬಕ್ರೀದಿನ ಹಿಂದಿನ ಸಂತೆಯಲ್ಲಿ ಮಾರಿದ್ದೆವು.
ಹಿಡಿದುಕೊಂಡು ಹೋದವಳು ನಾನು,
ನೋಟು ಎಣಿಸಿದವಳೂ ನಾನು.
ಅದರಲ್ಲೇ ಕಟ್ಟಿದ್ದು ಈ ಪರೀಕ್ಷೆಯ ಫೀಸು.
ಇಟ್ಟದ್ದು ಇಟ್ಟಲ್ಲೇ ಸಿಗುತ್ತದೆ ಅಂದಿದ್ದರು ಟೀಚರ್,
ಇಟ್ಟ ಜಾಗವೇ ಎದ್ದು ನಡೆದುಬಿಟ್ಟರೆ
ಏನು ಮಾಡಬೇಕೆಂದು ಹೇಳಿರಲಿಲ್ಲ.

ಕೊರಳು ಬಿಗಿಯಿತು.
ಎದೆ ಡಬಡಬ ಅಂತು.
ಹೊಟ್ಟೆಯೊಳಗೆ ಯಾರೋ ನೀರು ಕಲಕಿದ ಹಾಗೆ.
ಮೇಲಿಂದ ಕೆಳಕ್ಕೆ,
ಒಂದೇ ದಾರಿ ಹಿಡಿದು ಇಳಿಯಿತು ಸಂಕಟ:
ಕೊರಳು, ಎದೆ, ಹೊಟ್ಟೆ.

ಓ, ನೀನಾ.

ಬರೆದೆ. ಎರಡು ಪುಟ, ಒಂದೇ ಉಸಿರಿಗೆ.

ಸಂಜೆ ಅಮ್ಮಿ ಜರಡಿ ಹಿಡಿದಿದ್ದಳು.
ಹತ್ತು ಚೀಲಕ್ಕೊಂದು ಗಂಟು ಸೆರಗಿಗೆ, ಅವಳ ಲೆಕ್ಕ ಹಾಗೆ,
ಇವತ್ತಿನವರೆಗೆ ಒಂದು ಚೀಲವೂ ತಪ್ಪಿಲ್ಲ.
"ಏನೇನ್ ಕೇಳಿದ್ರು?" ಅಂದಳು.
ಹೇಳಲು ಬಾಯಿ ತೆರೆದರೆ, "ತಡಿ, ಎಣಿಕೆ ತಪ್ಪುತ್ತೆ," ಅಂದಳು.

ಮೂಲೆಯ ಗೂಟದಲ್ಲಿ ಹಗ್ಗ ಹಾಗೇ ನೇತಾಡುತ್ತಿತ್ತು.
ಆಡು ಮಾರಿದರೂ ಹಗ್ಗ ಕೊಡಬಾರದಂತೆ.
ಎತ್ತಿಡೋಣ ಅಂತ ಹೋದವಳು ಬಿಟ್ಟು ಬಂದೆ.
ಮುಂದಿನ ತಿಂಗಳು ಮೂಳೆಗಳಿವೆ,
ಇನ್ನೂರಾರು.